ಅಮೆರಿಕದಲ್ಲಿ ಮದುವೆ ಮಾಡಿಸುವ ಅಧಿಕಾರ ಪಡೆಯುವುದು ಹೇಗೆ?

ಅಮೆರಿಕದಲ್ಲಿರುವ ಅಕ್ಕನ ಮಗಳು "ಮಾಮ, ನಮ್ಮ ಮದುವೆ ನೀವೇ ಮಾಡಿಸಿಕೊಡಿ" ಎಂದರೆ ಧಾರಾಳವಾಗಿ ಒಪ್ಪಿಕೊಳ್ಳಿ. ಅದಕ್ಕಿಂತ ದೊಡ್ಡ ಗೌರವ ಇನ್ನೇನಿದೆ? ಆದರೆ ಕಾನೂನಿನ ಕೆಲಸ ಆ ದಿನದಿಂದಲೇ ಶುರು.

1. ಮದುವೆ ನಡೆಯುವ ರಾಜ್ಯದ ಕಾನೂನು ನೋಡಿ. ನಿಮ್ಮ ಮನೆ ಟೆಕ್ಸಾಸ್‌ನಲ್ಲಿದ್ದು ಮದುವೆ ನ್ಯೂಯಾರ್ಕ್‌ನಲ್ಲಾದರೆ ನ್ಯೂಯಾರ್ಕ್ ಕಾನೂನೇ ಅನ್ವಯ. ಮದುವೆಯ ಲೈಸೆನ್ಸ್ ಕೊಡುವ ಕ್ಲರ್ಕ್ ಕಚೇರಿಗೆ ಫೋನ್ ಮಾಡಿ ಕೇಳಿಬಿಡಿ.

2. ಒಂದು ದಿನದ ಅಧಿಕಾರ ಸಿಗುತ್ತದೆಯೇ ವಿಚಾರಿಸಿ. ನ್ಯೂಯಾರ್ಕ್‌ನಲ್ಲಿ 2023ರ ಮಾರ್ಚ್‌ನಿಂದ ಈ ಸೌಲಭ್ಯವಿದೆ. ಶುಲ್ಕ 25 ಡಾಲರ್, ಆ ಒಂದು ಜೋಡಿಗೆ ಮಾತ್ರ. ಕ್ಯಾಲಿಫೋರ್ನಿಯಾದ ಹಲವು ಕೌಂಟಿಗಳು ಒಂದು ದಿನದ ಮಟ್ಟಿಗೆ ವಿವಾಹ ಅಧಿಕಾರಿಯಾಗಿ ನೇಮಿಸುತ್ತವೆ. ನನ್ನ ಮಟ್ಟಿಗೆ ಇದೇ ನೇರ ದಾರಿ.

3. ಆನ್‌ಲೈನ್ ಧರ್ಮಗುರು ದೀಕ್ಷೆಯನ್ನೇ ನಂಬಿ ಕೂರಬೇಡಿ. 1962ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ಶುರುವಾದ ಯೂನಿವರ್ಸಲ್ ಲೈಫ್ ಚರ್ಚ್ ಕೇಳಿದವರಿಗೆಲ್ಲ ದೀಕ್ಷೆ ಕೊಡುತ್ತದೆ. ಬಹಳ ರಾಜ್ಯಗಳಲ್ಲಿ ಅದು ನಡೆಯುತ್ತದೆ. ಟೆನ್ನೆಸ್ಸೀ 2019ರಲ್ಲಿ ಇಂಥ ದೀಕ್ಷೆ ಪಡೆದವರಿಗೆ ತಡೆಯೊಡ್ಡುವ ಕಾನೂನು ತಂದಿತು; ವಿಷಯ ಕೋರ್ಟಿಗೆ ಹೋಯಿತು. ನ್ಯೂಯಾರ್ಕ್ ನಗರದಲ್ಲಿ ಧರ್ಮಗುರುಗಳೂ ಮೊದಲೇ ಸಿಟಿ ಕ್ಲರ್ಕ್ ಬಳಿ ನೋಂದಾಯಿಸಿಕೊಳ್ಳಬೇಕು.

4. ಲೈಸೆನ್ಸ್ ಕಣ್ಣಾರೆ ನೋಡಿ. ಅದನ್ನು ಮಾಡಿಸುವುದು ವಧೂವರರ ಕೆಲಸ, ಪರಿಶೀಲಿಸುವುದು ನಿಮ್ಮದು. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಪಡೆದು 24 ಗಂಟೆ ಕಳೆಯಬೇಕು, ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 72. ಊರ ಹೆಸರು, ಅಪ್ಪನ ಹೆಸರು, ಇನಿಷಿಯಲ್ ಎಲ್ಲ ಸೇರಿದ ನಮ್ಮ ಹೆಸರುಗಳನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ.

5. ಒಪ್ಪಿಗೆಯ ಮಾತನ್ನು ಬಾಯಿಬಿಟ್ಟು ಹೇಳಿಸಿ. ಈ ಸಲಹೆಗಳಲ್ಲೆಲ್ಲ ಇದೇ ಮುಖ್ಯ. ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ ಹೇಗೆ ನಡೆಯಬೇಕು ಎಂದು ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಕಾನೂನುಗಳು ಹೇಳುವುದಿಲ್ಲ. ಅಧಿಕಾರಿಯ ಎದುರು, ಸಾಕ್ಷಿಯ ಎದುರು ಇಬ್ಬರೂ ಪರಸ್ಪರ ಸಂಗಾತಿಯಾಗಿ ಸ್ವೀಕರಿಸಿದ್ದೇವೆ ಎಂದು ಘೋಷಿಸಬೇಕು, ಅಷ್ಟೇ. ಗಟ್ಟಿಮೇಳ ಶುರುವಾದರೆ ಯಾರ ಮಾತೂ ಕೇಳಿಸದು. ಹಾಗಾಗಿ ಅದಕ್ಕೂ ಮುಂಚೆ ಓಲಗದವರಿಗೆ ಕೈಸನ್ನೆ ಮಾಡಿ ನಿಲ್ಲಿಸಿ, ಹುಡುಗಿಯ ಕೈಗೆ ಮೈಕ್ ಕೊಡಿ: "ಇವರನ್ನು ನನ್ನ ಪತಿಯಾಗಿ ಸ್ವೀಕರಿಸುತ್ತೇನೆ." ಆಮೇಲೆ ಹುಡುಗನ ಸರದಿ. ಕನ್ನಡ ಬಾರದ ಬೀಗರಿದ್ದರೆ ಇಂಗ್ಲಿಷಿನಲ್ಲೂ ಹೇಳಿಸಿ. ಮಂತ್ರ ಅರ್ಥವಾಗದ ಮಕ್ಕಳಿಗೂ ಆ ಒಂದು ವಾಕ್ಯ ಮನಸ್ಸಿಗಿಳಿಯುತ್ತದೆ.

6. ಪುರೋಹಿತರೂ ಇದ್ದರೆ, ಸಹಿ ಯಾರದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

7. ಊಟಕ್ಕೆ ಕೂರುವ ಮೊದಲೇ ಕಾಗದ ಮುಗಿಸಿ. ಕಪ್ಪು ಶಾಯಿಯ ಪೆನ್ ಜೇಬಿನಲ್ಲಿರಲಿ. ಹೊಡೆದುಹಾಕಿ ತಿದ್ದಬೇಡಿ, ವೈಟ್ನರ್ ಹಚ್ಚಬೇಡಿ; ಕ್ಲರ್ಕ್ ತಿರಸ್ಕರಿಸಬಹುದು. ಭರ್ತಿಯಾದ ಲೈಸೆನ್ಸನ್ನು ಸಂಬಂಧಪಟ್ಟ ಕಚೇರಿಗೆ ತಲುಪಿಸುವುದು ನಿಮ್ಮ ಹೊಣೆ: ನ್ಯೂಯಾರ್ಕ್‌ನಲ್ಲಿ 5 ದಿನ, ಕ್ಯಾಲಿಫೋರ್ನಿಯಾದಲ್ಲಿ 10 ದಿನ ಗಡುವು. ಕ್ಯಾಲಿಫೋರ್ನಿಯಾದಲ್ಲಿ ಪ್ರಮಾಣಪತ್ರ ತಾನಾಗಿ ಮನೆಗೆ ಬರುವುದಿಲ್ಲ. ದೃಢೀಕೃತ ಪ್ರತಿಗೆ ಬೇರೆ ಅರ್ಜಿ ಹಾಕಬೇಕು. ವೀಸಾ, ಪಾಸ್‌ಪೋರ್ಟ್ ಕೆಲಸಕ್ಕೆ ಬೇಕಾಗುತ್ತದೆ, ಎರಡು ಪ್ರತಿ ತೆಗೆಸಿಡಲು ಹೇಳಿ.