ತಾಳೆಯಾಗದ ಗಲ್ಲಾ

ರಾತ್ರಿ ಐನೂರೋ ಸಾವಿರವೋ ಕಡಿಮೆ ಬಿದ್ದ ಕೂಡಲೇ ಅಂಗಡಿಯ ಹುಡುಗರನ್ನು ಅನುಮಾನಿಸಬೇಡಿ. ಮೊದಲು ಬಿಲ್ಲು ನೋಡಿ: ಗಿರಾಕಿ ಯುಪಿಐಯಲ್ಲಿ ಕೊಟ್ಟದ್ದು ನಗದೆಂದು ನಮೂದಾಗಿದ್ದರೆ ದುಡ್ಡು ಬ್ಯಾಂಕಿನಲ್ಲಿರುತ್ತದೆ, ಗಲ್ಲಾ ಮಾತ್ರ ಕೊರತೆ ತೋರಿಸುತ್ತದೆ. ಎಲ್ಲರೂ ಒಂದೇ ಗಲ್ಲಾಪೆಟ್ಟಿಗೆಗೆ ಕೈಹಾಕುತ್ತಿದ್ದರೆ ಅಸಲಿ ರೋಗ ಅದೇ. ಒಂದು ಪಾಳಿಗೆ ಒಬ್ಬರೇ ಕೂರಲಿ. ಬೆಳಿಗ್ಗೆ ಚಿಲ್ಲರೆ ಎಣಿಸಿಕೊಟ್ಟು ಸಹಿ ಹಾಕಿಸಿ. ಪಾಳಿ ಬದಲಾಗುವಾಗ ಇಬ್ಬರೂ ಎದುರುಬದುರು ನಿಂತು ಎಣಿಸಲಿ. ಟ್ಯೂಬ್‌ಲೈಟಿನಡಿ 20ರ ನೋಟೂ 200ರ ನೋಟೂ ಹಳದಿಯೇ. ಅವುಗಳ ಖಾನೆ ದೂರದೂರ ಇರಲಿ. ಗಿರಾಕಿ ಕೊಟ್ಟ 500ರ ನೋಟು ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಮೇಜಿನ ಮೇಲೆ, ಕಣ್ಣೆದುರೇ ಇರಲಿ. ಎಷ್ಟೇ ರಶ್ಶಿದ್ದರೂ ಅದನ್ನೊಮ್ಮೆ ಓರೆ ಮಾಡಿ: ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ನೋಟು ಎಣಿಸುವ ಯಂತ್ರ ಬೇಕೆನಿಸಿದರೆ, ಇದೆಲ್ಲ ರೂಢಿಯಾದ ಮೇಲೆ ಕೊಳ್ಳಿ.