ಒರೆಗಲ್ಲಾದ ಚಿನ್ನ

ಚಿನ್ನದ ಗುಣವನ್ನು ಒರೆಗಲ್ಲು ಹೇಳುತ್ತದೆಂಬುದು ಲೋಕರೂಢಿ. ಆದರೆ ಚಿನ್ನವೇ ಒರೆಗಲ್ಲಾಗಿ ಮತ್ತೊಂದು ವಸ್ತುವಿನ ಗುಣವನ್ನು ಹೇಳುವ ವಿಧಾನವನ್ನು ಆಧುನಿಕ ವಿಜ್ಞಾನವು ಕಂಡುಕೊಂಡಿದೆ. ಜೀವಕೋಶದ ಕಿಣ್ವಗಳ ಚಟುವಟಿಕೆಯನ್ನು ಬಣ್ಣದಿಂದ ತಿಳಿಸುವ ಇಂಥ ಸಾಧನಕ್ಕೆ ಜೈವಿಕ ಸಂವೇದಕವೆಂದು ಹೆಸರು.

ಆಭರಣದ ಚಿನ್ನ ಹಳದಿ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರು. ಸುಮಾರು 13 ನ್ಯಾನೊಮೀಟರು ಗಾತ್ರದ ಚಿನ್ನದ ಕಣಗಳು ನೀರಿನಲ್ಲಿ ಹರಡಿಕೊಂಡಾಗ ದ್ರವವು ಮಾಣಿಕ್ಯದಂತೆ ಕೆಂಪಾಗಿ ತೋರುತ್ತದೆ. ಈ ಕೆಂಪಿಗೆ ಚಿನ್ನದ ಅತಿಸೂಕ್ಷ್ಮ ಕಣಗಳೇ ಕಾರಣವೆಂದು ಮೈಕೇಲ್ ಫ್ಯಾರಡೆ 1857ರಲ್ಲಿ ಲಂಡನ್ನಿನಲ್ಲಿ ಪ್ರತಿಪಾದಿಸಿದನು. ಕಣದೊಳಗಿನ ಎಲೆಕ್ಟ್ರಾನುಗಳು ಬೆಳಕಿನ ಅಲೆಗೆ ತಕ್ಕಂತೆ ತೂಗಾಡಿ, ಹಸುರು ಭಾಗವನ್ನು ಹೀರಿಕೊಳ್ಳುವುದರಿಂದ ಕೆಂಪು ಉಳಿಯುತ್ತದೆ. ಕಣಗಳು ಒಂದನ್ನೊಂದು ಸಮೀಪಿಸಿ ಗುಂಪುಗೂಡಿದರೆ ಹೀರಿಕೆಯ ಸ್ಥಾನ ಬದಲಾಗಿ ದ್ರವವು ನೇರಳೆ ಅಥವಾ ನೀಲಿಯಾಗುತ್ತದೆ. ಬಿಡಿಯಾಗಿದ್ದರೆ ಕೆಂಪು, ಗುಂಪಾದರೆ ನೀಲಿ: ಇದೇ ಈ ಸಂವೇದಕದ ಮೂಲಸೂತ್ರ.

ಇನ್ನು ಅಳೆಯಬೇಕಾದ ವಸ್ತುವನ್ನು ನೋಡೋಣ. ಡಿ.ಎನ್.ಎ. ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ದೀರ್ಘ ಗ್ರಂಥ. ಮೀಥೈಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವಗಳು ಈ ಗ್ರಂಥದ ಅಕ್ಷರವನ್ನು ತಿದ್ದುವುದಿಲ್ಲ. ಅದರ ಮೇಲೆ ಮೀಥೈಲ್ ಎಂಬ ಪುಟ್ಟ ಗುರುತನ್ನಿಡುತ್ತವೆ. ಓಲೆಗರಿಯ ಅಂಚಿನಲ್ಲಿ ‘ಇದನ್ನು ಓದತಕ್ಕದ್ದಲ್ಲ’ ಎಂದು ಗುರುತು ಮಾಡಿದಂತೆ, ಮಾನವಕೋಶದಲ್ಲಿ ಈ ಗುರುತು ಅನೇಕ ವೇಳೆ ಜೀನುಗಳನ್ನು ಮೌನಗೊಳಿಸುತ್ತದೆ. ಗೆಡ್ಡೆಗಳನ್ನು ತಡೆಯುವ ಜೀನುಗಳೇ ಹೀಗೆ ಮೌನವಾದರೆ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆದುದರಿಂದ ಈ ಕಿಣ್ವದ ಬಲವನ್ನು ಅಳೆಯುವುದು ಕೇವಲ ಕುತೂಹಲದ ಮಾತಲ್ಲ.

ಹಿಂದೆ ಇದಕ್ಕೆ ವಿಕಿರಣಶೀಲ ಮೀಥೈಲನ್ನು ಬಳಸುವುದು ವಾಡಿಕೆಯಾಗಿತ್ತು. ಚಾಡ್ ಮರ್ಕಿನ್ ಮತ್ತು ಸಂಗಡಿಗರು 1996ರಲ್ಲಿ ಚಿನ್ನದ ಕಣಗಳನ್ನು ಡಿ.ಎನ್.ಎ. ಎಳೆಗಳಿಂದ ಪೋಣಿಸಿ ತೋರಿಸಿದ ಮೇಲೆ ಹೊಸ ಮಾರ್ಗ ತೆರೆಯಿತು. 2007ರಲ್ಲಿ ಮರ್ಕಿನ್ನರ ತಂಡವೇ ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವದ ವೇಗವನ್ನು ಬಣ್ಣದಿಂದ ಗುರುತಿಸಿತು.

ಮೀಥೈಲ್ ಕಿಣ್ವದ ಪರೀಕ್ಷೆಯ ಒಂದು ಕ್ರಮ ಹೀಗಿದೆ. ಜಿ-ಎ-ಟಿ-ಸಿ ಎಂಬ ಅನುಕ್ರಮವುಳ್ಳ ಡಿ.ಎನ್.ಎ. ಸೇತುವೆಗಳಿಂದ ಕಣಗಳನ್ನು ಜೋಡಿಸಿಡುತ್ತಾರೆ, ದ್ರವವು ನೇರಳೆಯಾಗಿರುತ್ತದೆ. ಬ್ಯಾಕ್ಟೀರಿಯಾದ ‘ಡ್ಯಾಮ್’ ಕಿಣ್ವವು ಅಲ್ಲಿನ ‘ಎ’ ಅಕ್ಷರಕ್ಕೆ ಗುರುತಿಡುತ್ತದೆ. ಗುರುತುಳ್ಳ ಸ್ಥಳವನ್ನು ಮಾತ್ರ ಕತ್ತರಿಸುವ ‘ಡಿ.ಪಿ.ಎನ್. ಒಂದು’ ಎಂಬ ಕಿಣ್ವ ಅನಂತರ ಸೇತುವೆಯನ್ನು ತುಂಡರಿಸುತ್ತದೆ. ಕಣಗಳು ಬಿಡಿಯಾಗಿ ಕೆಂಪು ಮರಳುತ್ತದೆ. ಗುರುತು ಹೆಚ್ಚಿದಷ್ಟೂ ಕೆಂಪು ಬೇಗ ಬರುತ್ತದೆ. ಗುರುತಿಡುವುದನ್ನು ಔಷಧವೊಂದು ತಡೆದರೆ ನೇರಳೆಯೇ ಉಳಿಯುತ್ತದೆ. ಆದುದರಿಂದ ಹೊಸ ಔಷಧಗಳ ಶೋಧಕ್ಕೆ ಇದು ಸಹಾಯಕ. ಮಾನವನ ಮೀಥೈಲ್ ಕಿಣ್ವಗಳನ್ನು ತಡೆಯುವ ಅಜಾಸಿಟಿಡಿನ್ ಎಂಬ ಔಷಧಕ್ಕೆ ಅಸ್ಥಿಮಜ್ಜೆಯ ಕೆಲವು ರೋಗಗಳ ಚಿಕಿತ್ಸೆಗಾಗಿ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತುದನ್ನು ಇಲ್ಲಿ ಸ್ಮರಿಸಬಹುದು.

ಆದರೂ ಬಣ್ಣವನ್ನು ಕಂಡೊಡನೆ ನಂಬತಕ್ಕದ್ದಲ್ಲ. ಉಪ್ಪಿನಂಶ ಹೆಚ್ಚಿದರೆ ಕಣಗಳು ತಾವಾಗಿಯೇ ಗುಂಪುಗೂಡಬಲ್ಲವು. ರಕ್ತದ ಪ್ರೋಟೀನುಗಳು ಅವುಗಳ ಮೈಗೆ ಅಂಟಿ ಫಲಿತಾಂಶವನ್ನು ಕೆಡಿಸಬಲ್ಲವು. ಪರೀಕ್ಷಿಸುವ ಔಷಧವು ಗುರುತಿಡುವ ಕಿಣ್ವವನ್ನು ಬಿಟ್ಟು ಕತ್ತರಿಸುವ ಕಿಣ್ವವನ್ನೇ ತಡೆದಿರಲೂಬಹುದು. ಆದಕಾರಣ ಕಿಣ್ವವಿಲ್ಲದ ಇನ್ನೊಂದು ನಳಿಕೆಯನ್ನೂ, ಮೊದಲೇ ಗುರುತಿಟ್ಟ ಡಿ.ಎನ್.ಎ.ಯುಳ್ಳ ಮತ್ತೊಂದು ನಳಿಕೆಯನ್ನೂ ಪಕ್ಕದಲ್ಲಿಟ್ಟು ಹೋಲಿಸುವುದು ಅವಶ್ಯ. ಒರೆಗಲ್ಲು ಎಷ್ಟೇ ಉತ್ತಮವಾಗಿರಲಿ, ಒರೆಯನ್ನು ಓದುವ ಕಣ್ಣಿಗೆ ವಿವೇಕವಿರಬೇಕು.