ರನ್‌ವೇ ಕಾಯುವ ವೃತ್ತಿ

ವಿಮಾನವೆಂದೊಡನೆ ನಮಗೆ ನೆನಪಾಗುವವರು ಅದನ್ನು ಹಾರಿಸುವ ವೈಮಾನಿಕರು. ಅವರನ್ನು ಬಿಟ್ಟರೆ, ಎತ್ತರದ ಗೋಪುರದಲ್ಲಿ ಕುಳಿತು ರೇಡಿಯೋ ಮೂಲಕ ಅಪ್ಪಣೆ ಕೊಡುವ ಸಂಚಾರ ನಿಯಂತ್ರಕರು. ಈ ಎರಡು ಗುಂಪಿಗೂ ಸೇರದ ಮೂರನೆಯ ವರ್ಗವೊಂದುಂಟು. ನೆತ್ತಿಯ ಮೇಲೆ ಮಿನುಗುವ ದೀಪವುಳ್ಳ ಜೀಪಿನಲ್ಲಿ ಕುಳಿತು, ಒಂದು ವಿಮಾನ ಏರಿ ಮತ್ತೊಂದು ಇಳಿಯುವುದರ ನಡುವಣ ಬಿಡುವಿನಲ್ಲಿ, ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ನೆಲವನ್ನೇ ದಿಟ್ಟಿಸುತ್ತ ಸಾಗುವವರು ಇವರು. ಪ್ರಯಾಣಿಕರಿಗೆ ಇವರ ಪರಿಚಯವಿರುವುದಿಲ್ಲ. ಕಿಟಕಿಯ ಬದಿಯ ಆಸನ ದೊರೆತವರು ದೂರದಲ್ಲಿ ಓಡುವ ಆ ಜೀಪನ್ನು ಕಂಡಿರಬಹುದು, ಅಷ್ಟೆ.

ಇವರ ಇಲಾಖೆಗೆ ‘ವಿಮಾನ ನಿಲ್ದಾಣದ ಕಾರ್ಯಾಚರಣೆ’ ಎಂದು ಹೆಸರು. ಈ ಮಾತು ಕೇಳಲು ಸೇನೆಯನ್ನೋ ಪೊಲೀಸರನ್ನೋ ನೆನಪಿಗೆ ತರುವಂತಿದೆ. ಆದರೆ ಅದರ ತಿರುಳು ಸರಳವಾದುದು. ನಿಲ್ದಾಣದ ನೆಲವು ಈ ಗಳಿಗೆಯಲ್ಲಿ ವಿಮಾನಕ್ಕೆ ಯೋಗ್ಯವಾಗಿದೆಯೇ ಇಲ್ಲವೇ ಎಂಬುದನ್ನು ಸದಾ ತಿಳಿದಿರುವುದು, ಯೋಗ್ಯವಲ್ಲವೆಂದು ಕಂಡಾಗ ಅದನ್ನು ಮುಚ್ಚಿಸುವುದು. ವಿಮಾನಗಳಿಗೆ ನಿಲ್ಲುವ ಜಾಗವನ್ನು ಹಂಚುವುದು, ಟರ್ಮಿನಲ್ ಕಟ್ಟಡದ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಮುಂತಾದ ಕೆಲಸಗಳೂ ಈ ಇಲಾಖೆಗೆ ಸೇರಿವೆ. ಆದರೆ ಈ ವೃತ್ತಿಯ ಭಾರವೆಲ್ಲ ರನ್‌ವೇಯ ಮೇಲೆಯೇ ಬೀಳುವುದರಿಂದ ನಾವು ಇಲ್ಲಿ ಅದನ್ನೇ ವಿಚಾರಿಸುವೆವು.

ನೆಲವನ್ನು ನೋಡುವುದಕ್ಕೆ ಅಷ್ಟೇನು ಮಹತ್ವವೆಂದು ಕೇಳುವವರಿಗೆ ಒಂದು ಘಟನೆಯನ್ನು ಹೇಳಬೇಕು. ೨೦೦೦ದ ಜುಲೈ ೨೫ರಂದು ಪ್ಯಾರಿಸಿನ ಷಾರ್ಲ್ ದ ಗೋಲ್ ನಿಲ್ದಾಣದಿಂದ ಕಾಂಕಾರ್ಡ್ ವಿಮಾನವೊಂದು ನ್ಯೂಯಾರ್ಕಿಗೆ ಹೊರಟಿತು. ಅದಕ್ಕೆ ಸುಮಾರು ಐದು ನಿಮಿಷ ಮೊದಲು ಅದೇ ರನ್‌ವೇಯಿಂದ ಏರಿದ್ದ ಡಿಸಿ-೧೦ ವಿಮಾನದ ಎಂಜಿನ್ ಭಾಗದಿಂದ ಲೋಹದ ಪಟ್ಟಿಯೊಂದು ಕಳಚಿ ಬಿದ್ದಿತ್ತು. ಅದರ ಉದ್ದ ಸುಮಾರು ೪೩ ಸೆಂಟಿಮೀಟರ್. ಒಂದು ಮೊಳಕ್ಕೂ ತುಸು ಕಡಿಮೆ. ಗಂಟೆಗೆ ೩೦೦ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿದ್ದ ಕಾಂಕಾರ್ಡಿನ ಚಕ್ರ ಆ ಪಟ್ಟಿಯ ಮೇಲೆ ಹಾಯಿತು. ಟೈರು ಸೀಳಿ, ಅದರ ನಾಲ್ಕೂವರೆ ಕಿಲೋಗ್ರಾಮಿನಷ್ಟು ತೂಗುವ ತುಂಡು ರೆಕ್ಕೆಯ ಅಡಿಗೆ ಅಪ್ಪಳಿಸಿತು. ರೆಕ್ಕೆಯೊಳಗಿನ ಇಂಧನದ ತೊಟ್ಟಿ ಒಡೆದು, ಸುರಿದ ಇಂಧನಕ್ಕೆ ಬೆಂಕಿ ಹೊತ್ತಿತು. ಅಷ್ಟು ಹೊತ್ತಿಗೆ ವಿಮಾನವನ್ನು ನಿಲ್ಲಿಸಲಾಗದ ವೇಗ ಬಂದುಬಿಟ್ಟಿತ್ತು. ಕೆಲವೇ ನಿಮಿಷಗಳಲ್ಲಿ ಅದು ಹತ್ತಿರದ ಗೊನೆಸ್ ಎಂಬ ಊರಿನ ಹೋಟೆಲೊಂದರ ಮೇಲೆ ಬಿದ್ದಿತು. ವಿಮಾನದಲ್ಲಿದ್ದ ೧೦೯ ಮಂದಿಯೂ ನೆಲದ ಮೇಲಿದ್ದ ನಾಲ್ವರೂ ಮಡಿದರು.

ವಾಚಕರು ಇಲ್ಲಿ ಆ ಐದು ನಿಮಿಷಗಳನ್ನು ಗಮನಿಸಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವಿಧಿಯಂತೆ ದೊಡ್ಡ ನಿಲ್ದಾಣಗಳಲ್ಲಿ ದಿನಕ್ಕೆ ಕನಿಷ್ಠಪಕ್ಷ ಎರಡು ಸಲ ವಿಮಾನ ಸಂಚರಿಸುವ ನೆಲವನ್ನೆಲ್ಲ ಪರೀಕ್ಷಿಸಬೇಕು. ಅನೇಕ ನಿಲ್ದಾಣಗಳು ಇದಕ್ಕಿಂತ ಹೆಚ್ಚು ಸಲವೇ ನೋಡುತ್ತವೆ. ಆದರೆ ಐದು ನಿಮಿಷಗಳ ಅಂತರದಲ್ಲಿ ಬಿದ್ದ ವಸ್ತುವನ್ನು ಗಂಟೆ ಗೊತ್ತು ಮಾಡಿ ಹೋಗುವ ಯಾವ ಜೀಪೂ ಹಿಡಿಯಲಾರದು. ಆದುದರಿಂದಲೇ ಸಿಂಗಪುರದ ಚಾಂಗಿಯಂತಹ ಕೆಲವು ನಿಲ್ದಾಣಗಳಲ್ಲಿ ರನ್‌ವೇಯ ಬದಿಯಲ್ಲಿ ಕ್ಯಾಮರಾಗಳನ್ನು ನೆಟ್ಟು, ನೆಲದ ಚಿತ್ರವನ್ನು ಯಂತ್ರವೇ ಎಡೆಬಿಡದೆ ಪರೀಕ್ಷಿಸುವಂತೆ ಮಾಡಿದ್ದಾರೆ. ಹಾಗೆಂದು ಜೀಪಿನವರ ಕೆಲಸ ಹೋಗಿಲ್ಲ. ಯಂತ್ರವು ‘ಅಲ್ಲೇನೋ ಇದೆ’ ಎನ್ನಬಲ್ಲುದು. ಅದು ಲೋಹದ ತುಂಡೋ, ಒದ್ದೆಯಾದ ಕಾಗದವೋ, ರನ್‌ವೇಯ ಮೈಯಿಂದಲೇ ಕಿತ್ತುಬಂದ ಜಲ್ಲಿಯೋ ಎಂದು ಹೋಗಿ ನೋಡಿ, ಎತ್ತಿ, ಎಲ್ಲಿಂದ ಬಂದಿತೆಂದು ಹುಡುಕುವವನು ಮನುಷ್ಯನೇ. ನಟ್ಟೊಂದು ಸಿಕ್ಕಿದರೆ ಅದನ್ನು ಜೇಬಿಗೆ ಹಾಕಿಕೊಂಡು ಬಂದರೆ ಸಾಲದು. ಅದು ಯಾವ ವಿಮಾನದಿಂದ ಬಿದ್ದಿತೋ ಆ ವಿಮಾನ ಈಗ ಆಕಾಶದಲ್ಲಿರಬಹುದು.

ನೋಡುವ ಕ್ರಮದಲ್ಲಿಯೂ ಒಂದು ಜಾಣ್ಮೆಯುಂಟು. ಸಾಮಾನ್ಯವಾಗಿ ವಿಮಾನಗಳು ಬಂದಿಳಿಯುವ ದಿಕ್ಕಿಗೆ ಎದುರಾಗಿಯೇ ಜೀಪನ್ನು ಓಡಿಸುತ್ತಾರೆ. ಏನಾದರೂ ತಪ್ಪು ನಡೆದು ವಿಮಾನವೊಂದು ಬಂದೇಬಿಟ್ಟರೆ ಅದರ ದೀಪಗಳು ಮುಂದೆಯೇ ಕಾಣಬೇಕು, ಬೆನ್ನ ಹಿಂದೆ ಅಲ್ಲ.

ಇನ್ನು ನೀರಿನ ವಿಷಯ. ನಮ್ಮ ದೇಶದಲ್ಲಿ ಈ ವೃತ್ತಿಯವರಿಗೆ ನಿಜವಾದ ಪರೀಕ್ಷೆ ಮಳೆಗಾಲದಲ್ಲಿಯೇ. ರನ್‌ವೇಯನ್ನು ನಡುಗೆರೆಯಿಂದ ಎರಡು ಅಂಚಿಗೂ ಇಳಿಜಾರಾಗುವಂತೆ ಕಟ್ಟಿರುತ್ತಾರೆ. ೪೫ ಮೀಟರ್ ಅಗಲದ ರನ್‌ವೇಯಲ್ಲಿ ನೂರಕ್ಕೆ ಒಂದೂವರೆಯಂತೆ ಇಳಿಜಾರಿದ್ದರೆ ನಡುವಿಗಿಂತ ಅಂಚು ೩೪ ಸೆಂಟಿಮೀಟರಿನಷ್ಟು ತಗ್ಗಾಗುವುದು. ಆದರೂ ಜಡಿಮಳೆ ಹೊಡೆದಾಗ ನೀರು ಹರಿದು ಹೋಗುವುದಕ್ಕಿಂತ ಬೀಳುವುದೇ ಹೆಚ್ಚಾಗಿ ಅಲ್ಲಲ್ಲಿ ನಿಲ್ಲುತ್ತದೆ. ನೀರಿನ ಮೇಲೆ ವೇಗವಾಗಿ ಓಡುವ ಟೈರಿನ ಮುಂದೆ ನೀರು ಆಪಿನಂತೆ ಕೂಡಿಕೊಳ್ಳುವುದು. ವೇಗ ಒಂದು ಮಿತಿಯನ್ನು ದಾಟಿದರೆ ಈ ನೀರಿನ ಆಪು ಟೈರನ್ನು ನೆಲದಿಂದ ಪೂರ್ತಿಯಾಗಿ ಮೇಲೆತ್ತುತ್ತದೆ. ಆಗ ವಿಮಾನದ ಭಾರವನ್ನು ಹೊತ್ತಿರುವುದು ನೆಲವಲ್ಲ, ನೀರು. ಬ್ರೇಕು ಹಾಕಿದರೂ ಹಿಡಿತವಿರುವುದಿಲ್ಲ.

ಈ ಮಿತಿಯನ್ನು ಲೆಕ್ಕ ಹಾಕುವ ಸುಲಭ ಸೂತ್ರವೊಂದನ್ನು ಅಮೆರಿಕದ ನಾಸಾ ಸಂಸ್ಥೆಯ ಎಂಜಿನಿಯರುಗಳು ೧೯೬೩ರಲ್ಲಿ ಪ್ರಕಟಿಸಿದರು. ಟೈರಿನೊಳಗಿನ ಗಾಳಿಯ ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡೆಂದು ಅಳೆದು, ಅದರ ವರ್ಗಮೂಲವನ್ನು ೯ರಿಂದ ಗುಣಿಸಿದರೆ ಆ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ. ಒತ್ತಡ ೨೦೦ ಪೌಂಡಾದರೆ ವರ್ಗಮೂಲ ೧೪ಕ್ಕೆ ತುಸು ಹೆಚ್ಚು. ವೇಗ ಸುಮಾರು ೧೨೭ ನಾಟ್, ಎಂದರೆ ಗಂಟೆಗೆ ೨೩೫ ಕಿಲೋಮೀಟರ್. ದೊಡ್ಡ ವಿಮಾನಗಳು ನೆಲ ಮುಟ್ಟುವ ವೇಗವೂ ಇದರ ಆಸುಪಾಸಿನಲ್ಲಿಯೇ ಇರುವುದರಿಂದ ಈ ಲೆಕ್ಕ ಕೇವಲ ಪುಸ್ತಕದ ಲೆಕ್ಕವಲ್ಲ.

ಹಿಂದೆ ವೈಮಾನಿಕನು ಕೇಳಿದಾಗ ‘ರನ್‌ವೇ ಒದ್ದೆಯಾಗಿದೆ’ ಎಂದು ಹೇಳಿ ಸುಮ್ಮನಾಗುವುದಿತ್ತು. ಒದ್ದೆಯೆಂಬ ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ೨೦೨೧ರ ನವೆಂಬರಿನಿಂದ ಜಗತ್ತಿನ ನಿಲ್ದಾಣಗಳಿಗೆಲ್ಲ ಅನ್ವಯಿಸುವಂತೆ ಒಂದೇ ಬಗೆಯ ವರದಿಯನ್ನು ಜಾರಿಗೆ ತಂದರು. ರನ್‌ವೇಯನ್ನು ಉದ್ದಕ್ಕೆ ಮೂರು ಭಾಗ ಮಾಡಿ, ಒಂದೊಂದಕ್ಕೂ ಸೊನ್ನೆಯಿಂದ ಆರರವರೆಗೆ ಒಂದು ಅಂಕಿಯನ್ನು ಕೊಡಬೇಕು. ಒಣಗಿದ್ದರೆ ೬. ನೀರು ೩ ಮಿಲಿಮೀಟರಿಗೆ ಮೀರದ ಒದ್ದೆಯಾದರೆ ೫. ಅದಕ್ಕಿಂತ ಆಳವಾಗಿ ನೀರು ನಿಂತಿದ್ದರೆ ಒಮ್ಮೆಗೇ ಇಳಿದು ೨. ಒದ್ದೆ ಮಂಜುಗಡ್ಡೆಗೆ ಸೊನ್ನೆ. ಅದು ನಮ್ಮ ಕಡೆಯವರಿಗೆ ಬೇಡದ ಮಾತು. ಮಳೆಯಲ್ಲಿ ಜೀಪಿನಿಂದ ಇಳಿದು ನೋಡಿದವನು ‘ಐದು, ಎರಡು, ಐದು’ ಎಂದು ತಿಳಿಸಿದರೆ, ನಡುವಣ ಭಾಗದಲ್ಲಿ ಬ್ರೇಕು ಹಿಡಿಯಲಾರದೆಂದು ವೈಮಾನಿಕನು ಲೆಕ್ಕ ಹಾಕಿಕೊಳ್ಳುತ್ತಾನೆ. ಬೇಕಾದರೆ ಬೇರೆ ಊರಿಗೆ ತಿರುಗುತ್ತಾನೆ. ಮೂರು ಮಿಲಿಮೀಟರೆಂದರೆ ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟಷ್ಟು ದಪ್ಪ. ಅಷ್ಟರ ಮೇಲೆ ಇಷ್ಟು ನಿಂತಿದೆ.

ಅಂಕಿಗಳಲ್ಲಿ ೩ ಎಂಬುದು ಬೇರೊಂದು ದೋಷವನ್ನೂ ಸೂಚಿಸಬಹುದು. ಇಳಿಯುವ ವಿಮಾನದ ಚಕ್ರ ನೆಲ ಮುಟ್ಟುವ ಗಳಿಗೆಯಲ್ಲಿ ತಿರುಗುತ್ತಿರುವುದಿಲ್ಲ. ಕಣ್ಣು ಮಿಟುಕಿಸುವುದರಲ್ಲಿ ಅದು ವಿಮಾನದ ವೇಗವನ್ನು ಪಡೆಯಬೇಕು. ಆಗ ಏಳುವ ಹೊಗೆಯನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ರಬ್ಬರು ಕರಗಿ ರನ್‌ವೇಗೆ ಮೆತ್ತಿಕೊಳ್ಳುತ್ತದೆ. ಸಾವಿರಾರು ವಿಮಾನಗಳು ಇಳಿದ ಮೇಲೆ ಆ ಜಾಗ ಕಪ್ಪು ಬಣ್ಣ ಬಳಿದಂತಾಗಿ, ಮೇಲ್ಮೈಯ ಒರಟೆಲ್ಲ ಮುಚ್ಚಿಹೋಗುವುದು. ಒಣಗಿದಾಗ ತೊಂದರೆ ತೋರದ ಈ ಪದರ ಮಳೆ ಬಿದ್ದೊಡನೆ ಜಾರುತ್ತದೆ. ಇದನ್ನು ಅಳೆಯಲು ವಿಶೇಷ ವಾಹನವುಂಟು: ಅದಕ್ಕೊಂದು ಹೆಚ್ಚಿನ ಚಕ್ರ, ಚಕ್ರದ ಮುಂದೆ ತೆಳುವಾಗಿ ನೀರು ಸುರಿಸುತ್ತ, ಅದನ್ನು ಅರೆಬರೆ ತಡೆಹಿಡಿದು ಎಳೆದುಕೊಂಡು ಹೋದರೆ ಘರ್ಷಣೆ ಎಷ್ಟೆಂಬುದು ದಾಖಲಾಗುತ್ತದೆ. ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆಯಾದರೆ ‘ಒದ್ದೆಯಾದಾಗ ಜಾರುವ ರನ್‌ವೇ’ ಎಂದು ಸಾರಬೇಕು. ಆಮೇಲೆ ರಾತ್ರಿಯ ವೇಳೆ ರನ್‌ವೇಯನ್ನು ಮುಚ್ಚಿ, ರಭಸದ ನೀರಿನ ಧಾರೆಯಿಂದ ರಬ್ಬರನ್ನು ಕೀಳಬೇಕು.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ೪,೦೦೦ ಮೀಟರ್ ಉದ್ದದ ಎರಡು ರನ್‌ವೇಗಳಿವೆ. ಮಂಗಳೂರಿನ ಬಜ್ಪೆಯದು ೨,೪೫೦ ಮೀಟರಿನದು. ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ಕಟ್ಟಿದ್ದು. ಕರಾವಳಿಯ ಮಳೆಯ ಪೂರ್ಣಪಾಲು ಅದಕ್ಕುಂಟು. ೨೦೧೦ರ ಮೇ ೨೨ರಂದು ಅಲ್ಲಿ ರನ್‌ವೇಯನ್ನು ಮೀರಿ ಹೋಗಿ ವಿಮಾನವೊಂದು ಕಮರಿಗೆ ಬಿದ್ದು ೧೫೮ ಮಂದಿ ಸತ್ತದ್ದನ್ನು ನಾಡು ಮರೆತಿಲ್ಲ. ಅಂದು ರನ್‌ವೇ ಒಣಗಿಯೇ ಇತ್ತು. ಸರಿಯಾಗಿ ಹೊಂದಿಕೊಳ್ಳದ ಇಳಿತವನ್ನು ಕೈಬಿಡದೆ ಮುಂದುವರಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಆದರೆ ತುದಿಯಾಚೆ ಬಯಲಿಲ್ಲದ ಇಂತಹ ನಿಲ್ದಾಣದಲ್ಲಿ ನೀರನ್ನೂ ರಬ್ಬರನ್ನೂ ಅಳೆಯುವವನ ಹೊಣೆ ಎಷ್ಟು ಹೆಚ್ಚೆಂಬುದನ್ನು ವಿವರಿಸಬೇಕಾಗಿಲ್ಲ.

ಹಕ್ಕಿಗಳನ್ನು ಓಡಿಸುವುದು ಈ ಇಲಾಖೆಯ ಮತ್ತೊಂದು ಕೆಲಸ. ಪಟಾಕಿ ಹೊಡೆದು ಬೆದರಿಸುವುದಷ್ಟೇ ಇದೆಂದು ತಿಳಿಯುವವರಿದ್ದಾರೆ. ಬೆದರಿದ ಹಕ್ಕಿ ಮರಳಿ ಬರುತ್ತದೆ. ಅದು ಏಕೆ ಬಂದಿತೆಂದು ತಿಳಿಯುವುದೇ ನಿಜವಾದ ವಿದ್ಯೆ. ಹುಲ್ಲು ತೀರ ಚಿಕ್ಕದಾದರೆ ಹುಳುಗಳನ್ನು ಹೆಕ್ಕುವ ಟಿಟ್ಟಿಭಗಳು ಬರುತ್ತವೆ. ಎತ್ತರಕ್ಕೆ ಬೆಳೆದರೆ ಇಲಿಗಳು ಸೇರಿ, ಅವುಗಳ ಬೆನ್ನಿಗೆ ಹದ್ದುಗಳು. ಚರಂಡಿಯಲ್ಲಿ ನೀರು ನಿಂತರೆ ಕೊಕ್ಕರೆ. ಮಾಂಸದ ಕಸವಂತೂ ನಿಲ್ದಾಣದ ಬೇಲಿಯಾಚೆಯ ವಿಷಯ. ನಿಲ್ದಾಣದ ಸುತ್ತ ಹತ್ತು ಕಿಲೋಮೀಟರಿನೊಳಗೆ ಬಯಲಿನಲ್ಲಿ ಪ್ರಾಣಿವಧೆ ಮಾಡುವುದನ್ನೂ ಕಸ ಸುರಿಯುವುದನ್ನೂ ನಮ್ಮ ವಿಮಾನಯಾನ ನಿಯಮಗಳು ನಿಷೇಧಿಸಿವೆ. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವಾಗ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸುವುದೂ ಹದ್ದುಗಳ ಭಯದಿಂದಲೇ. ೨೦೦೯ರ ಜನವರಿ ೧೫ರಂದು ನ್ಯೂಯಾರ್ಕಿನಲ್ಲಿ ಬಾತುಗಳ ಹಿಂಡು ಬಡಿದು ಎರಡು ಎಂಜಿನುಗಳೂ ಶಕ್ತಿಗುಂದಿದ ವಿಮಾನವನ್ನು ವೈಮಾನಿಕರು ಹಡ್ಸನ್ ನದಿಯ ಮೇಲೆ ಇಳಿಸಿದರು. ೧೫೫ ಮಂದಿಯೂ ಉಳಿದರು. ಅಂತಹ ಅದೃಷ್ಟವನ್ನು ನಂಬಿ ಯಾರೂ ನಿಲ್ದಾಣ ನಡೆಸುವಂತಿಲ್ಲ.

ರನ್‌ವೇಯನ್ನು ಕಾಯುವವರಿಗೂ ರನ್‌ವೇಯೇ ಅಪಾಯದ ಸ್ಥಳ. ನಿಲ್ದಾಣದ ಅಗ್ನಿಶಾಮಕ ವಾಹನ ಕರೆ ಬಂದ ಮೂರು ನಿಮಿಷಗಳೊಳಗೆ ರನ್‌ವೇಯ ಯಾವ ಮೂಲೆಯನ್ನಾದರೂ ತಲುಪಬೇಕೆಂದು ಅಂತರರಾಷ್ಟ್ರೀಯ ವಿಧಿಯಿದೆ. ಎರಡೇ ನಿಮಿಷ ಸಾಕೆಂಬಂತಾದರೆ ಉತ್ತಮ. ೨೦೨೨ರ ನವೆಂಬರ್ ೧೮ರಂದು ಪೆರು ದೇಶದ ಲಿಮಾ ನಿಲ್ದಾಣದಲ್ಲಿ ಈ ಕಾಲವನ್ನು ಅಳೆಯುವ ಅಭ್ಯಾಸವೇ ನಡೆದಿತ್ತು. ವಾಹನಗಳು ರನ್‌ವೇಯನ್ನು ಹೊಕ್ಕ ಗಳಿಗೆಯಲ್ಲಿ ವಿಮಾನವೊಂದು ಏರಲು ಓಡಿಬರುತ್ತಿತ್ತು. ಡಿಕ್ಕಿಯಲ್ಲಿ ಅಗ್ನಿಶಾಮಕ ಸಿಬ್ಬಂದಿಯವರು ಪ್ರಾಣ ಕಳೆದುಕೊಂಡರು, ವಿಮಾನದಲ್ಲಿದ್ದವರೆಲ್ಲ ಬದುಕಿದರು. ಜೀವ ಉಳಿಸಲು ಹೊರಟ ವಾಹನಕ್ಕೂ ಗೋಪುರದ ಸ್ಪಷ್ಟ ಅಪ್ಪಣೆಯಿಲ್ಲದೆ ಆ ಗೆರೆಯನ್ನು ದಾಟುವ ಅಧಿಕಾರವಿಲ್ಲ. ಆದುದರಿಂದ ಹೊಸಬರಿಗೆ ಮೊದಲು ಕಲಿಸುವುದು ಮಾತನ್ನು. ಗೋಪುರದವರು ಹೇಳಿದುದನ್ನು ಅಕ್ಷರಶಃ ಮರಳಿ ಹೇಳಬೇಕು. ‘ಆಯಿತು’ ಎಂದರೆ ಉತ್ತರವಾಗದು. ರೇಡಿಯೋ ಕೆಟ್ಟರೆ ಗೋಪುರದಿಂದ ದೀಪ ತೋರಿಸುತ್ತಾರೆ: ಸ್ಥಿರವಾದ ಕೆಂಪು ಎಂದರೆ ಇದ್ದಲ್ಲೇ ನಿಲ್ಲು, ಮಿನುಗುವ ಕೆಂಪು ಎಂದರೆ ಒಡನೆ ರನ್‌ವೇಯಿಂದ ಹೊರಗೆ ಹೋಗು.

ಈ ವೃತ್ತಿಗೆ ಬರಬಯಸುವ ತರುಣ ತರುಣಿಯರು ತಿಳಿಯಬೇಕಾದ ಕೆಲವು ಸಂಗತಿಗಳುಂಟು. ೧೯೯೫ರಲ್ಲಿ ರಚಿತವಾದ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹುಬ್ಬಳ್ಳಿ, ಬೆಳಗಾವಿ ಮುಂತಾದ ನಿಲ್ದಾಣಗಳನ್ನು ನಡೆಸುತ್ತಿದೆ. ಬೆಂಗಳೂರು ಮಂಗಳೂರುಗಳ ಆಡಳಿತ ಖಾಸಗಿ ಕಂಪನಿಗಳದು. ಪ್ರಾಧಿಕಾರವು ಕಾರ್ಯಾಚರಣೆ ವಿಭಾಗದ ಕಿರಿಯ ಅಧಿಕಾರಿಗಳ ಹುದ್ದೆಗೆ ಎಂಜಿನಿಯರಿಂಗ್ ಪದವಿಯನ್ನು, ಇಲ್ಲವೇ ವಿಜ್ಞಾನ ಪದವಿಯೊಡನೆ ಎರಡು ವರ್ಷಗಳ ಎಂಬಿಎಯನ್ನು ಕೇಳುತ್ತ ಬಂದಿದೆ. ಜೊತೆಗೆ ಲಘು ವಾಹನ ಚಾಲನೆಯ ಪರವಾನಗಿಯೂ ಬೇಕು. ಇದನ್ನು ಕಂಡು ನಗುವವರಿದ್ದಾರೆ. ಜೀಪಿನ ವಿಷಯ ಓದಿದ ವಾಚಕರು ನಗಲಾರರು. ಸಂಚಾರ ನಿಯಂತ್ರಕರ ನೇಮಕಾತಿ ಬೇರೆಯದೇ ಆದುದರಿಂದ ಎರಡನ್ನೂ ಒಂದೆಂದು ತಿಳಿದು ಅರ್ಜಿ ಹಾಕಬಾರದು.

ಸಂಬಳ, ಬಡ್ತಿಗಳ ಮಾತು ಪ್ರಕಟಣೆಗಳಲ್ಲಿ ಸಿಗುತ್ತದೆ. ಅಲ್ಲಿ ಸಿಗದ ಒಂದು ಮಾತನ್ನು ಹೇಳಬೇಕು. ರನ್‌ವೇಯನ್ನು ಮುಚ್ಚಿಸಿದರೆ ಆಕಾಶದಲ್ಲಿ ವಿಮಾನಗಳು ಸುತ್ತತೊಡಗುತ್ತವೆ, ಇಂಧನ ಸುಡುತ್ತದೆ, ಕೆಲವು ಬೇರೆ ಊರಿಗೆ ಹೋಗುತ್ತವೆ, ನೂರಾರು ಜನ ಗೊಣಗುತ್ತಾರೆ. ಹೋಗಿ ನೋಡಿದಾಗ ಅಲ್ಲಿದ್ದುದು ಪ್ಲಾಸ್ಟಿಕ್ ಚೀಲವೆಂದು ತಿಳಿಯಬಹುದು. ಮರುದಿನ ಅಂಥದೇ ಕರೆ ಬಂದಾಗ ಅದೇ ಧೈರ್ಯದಿಂದ ಮತ್ತೆ ಮುಚ್ಚಿಸಬಲ್ಲವನು ಈ ಕೆಲಸಕ್ಕೆ ತಕ್ಕವನು. ನಿನ್ನೆಯ ನಾಚಿಕೆಯನ್ನು ನೆನೆದು ಇಂದು ಹಿಂಜರಿಯುವವನು ಬೇರೆ ಉದ್ಯೋಗ ನೋಡಿಕೊಳ್ಳುವುದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ.

ಕೆಲಸ ಪಾಳಿಯದು, ಹಬ್ಬ ಹುಣ್ಣಿಮೆಗಳ ಬಿಡುವಿಲ್ಲ. ಪಾಳಿ ಬದಲಾಗುವಾಗ ದಿನಚರಿಯ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ: ಯಾವ ಅಂಚುದೀಪ ಆರಿದೆ, ಎಲ್ಲಿ ಡಾಂಬರು ಬಿರುಕು ಬಿಟ್ಟಿದೆ, ಪಶ್ಚಿಮದ ತುದಿಯಲ್ಲಿ ಎಷ್ಟು ಹದ್ದುಗಳು ಸುತ್ತುತ್ತಿದ್ದುವು. ಅದನ್ನು ಓದಿ ಸಹಿ ಹಾಕಿದವನು ಬೆಳಕು ಹರಿದೊಡನೆ ಗೋಪುರದ ಅಪ್ಪಣೆ ಕೇಳಿ ಮೊದಲ ಸುತ್ತಿಗೆ ಹೊರಡುತ್ತಾನೆ. ರಾತ್ರಿ ಜೀಪಿನ ದೀಪಕ್ಕೆ ಕಾಣದೆ ಉಳಿದುದು ಬೆಳಗಿನ ಓರೆಬಿಸಿಲಿನಲ್ಲಿ ನೆರಳು ಚಾಚಿಕೊಂಡು ಬಿದ್ದಿರುವುದು ಆಗಲೇ ಕಾಣಿಸುತ್ತದೆ.